ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ

ಕರ್ನಾಟಕ ಪೊಲೀಸ್ ಇಲಾಖೆಯನ್ನು ಅರ್ಥ ಮಾಡಿಕೊಳ್ಳಬೇಕಾದವರು ಮೊದಲು ಭುಜ ಓದುವುದನ್ನು ಕಲಿಯಬೇಕು. ಮುಖ ಓದಿ ಪ್ರಯೋಜನವಿಲ್ಲ, ಅದರಲ್ಲಿ ಏನೂ ಬರೆದಿರುವುದಿಲ್ಲ. ಕಾನ್‌ಸ್ಟೇಬಲ್ ಭುಜದಲ್ಲಿ ನಕ್ಷತ್ರವಿಲ್ಲ. ಜಾಗ ಖಾಲಿ ಇದೆಯಲ್ಲ ಅಂತ ಇಲಾಖೆಯ ಭಾರವನ್ನೆಲ್ಲ ಅಲ್ಲೇ ಹೇರಿದ್ದಾರೆ. ಹೆಡ್ ಕಾನ್‌ಸ್ಟೇಬಲ್‌ಗೆ ತೋಳಿನ ಮೇಲೆ ಮೂರು ಪಟ್ಟಿ. ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು, ಮೂವರಿಗೂ ಜೊತೆಗೊಂದು ಕೆಂಪು-ನೀಲಿ ರಿಬ್ಬನ್. ಡಿವೈಎಸ್ಪಿಗೂ ನಕ್ಷತ್ರ ಮೂರೇ, ಆದರೆ ರಿಬ್ಬನ್ ಇಲ್ಲ. ಇನ್‌ಸ್ಪೆಕ್ಟರೊಬ್ಬರು ವರ್ಷಗಟ್ಟಲೆ ಬಡ್ತಿಗಾಗಿ ಕಾದು, ಪೈರವಿ ಮಾಡಿ, ಹರಕೆ ಹೊತ್ತು, ಕೊನೆಗೆ ಕಳೆದುಕೊಳ್ಳುವುದು ಆ ಒಂದು ರಿಬ್ಬನ್ನನ್ನು. ಎಸ್ಪಿ ಆಗುವ ಹೊತ್ತಿಗೆ ಅಶೋಕ ಲಾಂಛನ ಏರಿ ಕೂರುತ್ತದೆ. ಐಜಿಪಿಯಿಂದ ಮೇಲಕ್ಕೆ ಕತ್ತಿ ಮತ್ತು ದಂಡ, ಒಂದರ ಮೇಲೊಂದು ಅಡ್ಡ. ಕಳ್ಳನ ಮುಖ ನೋಡಿ ದಶಕವಾದವರ ಭುಜಕ್ಕೆ ಕತ್ತಿ, ಕಳ್ಳನ ಹಿಂದೆ ಓಡುವವನ ಕೈಗೆ ಲಾಠಿ. ವ್ಯವಸ್ಥೆ ಯೋಚಿಸಿಯೇ ಮಾಡಿದ್ದು.

ಎಲ್ಲಕ್ಕೂ ಮೇಲೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಡಿಜಿ ಮತ್ತು ಐಜಿಪಿ. ಒಬ್ಬರೇ ವ್ಯಕ್ತಿ, ಎರಡು ಪದವಿ. ರಾಜ್ಯ ಲಾಂಛನದ ಗಂಡಭೇರುಂಡಕ್ಕೂ ಎರಡು ತಲೆ ಇರುವುದರಿಂದ ಇದನ್ನು ಯಾರೂ ಪ್ರಶ್ನಿಸಿಲ್ಲ. ಅವರ ಕೆಳಗೆ ಏಳು ವಲಯ, ಆರು ಕಮಿಷನರೇಟ್, ಜಿಲ್ಲೆಗೊಬ್ಬ ಎಸ್ಪಿ, ಸಿಐಡಿ, ಗುಪ್ತವಾರ್ತೆ, ಆಂತರಿಕ ಭದ್ರತೆ, ಮೀಸಲು ಪಡೆ, ರೈಲ್ವೆ, ಕರಾವಳಿ ಕಾವಲು, ವೈರ್‌ಲೆಸ್, ತರಬೇತಿ, ನೇಮಕಾತಿ. ಒಟ್ಟು ಬಲ ಒಂದು ಲಕ್ಷದ ಆಸುಪಾಸು, ಠಾಣೆಗಳು ಸಾವಿರದ ಆಸುಪಾಸು. ಈ ಏಣಿಯ ಮೇಲೆ ಸೆಲ್ಯೂಟ್ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಾಗರಿಕ ಯಾವ ಮೆಟ್ಟಿಲಿನಲ್ಲಿದ್ದಾನೆ ಅಂತ ಹುಡುಕಬೇಡಿ. ಅವನು ಏಣಿ ಹಿಡಿದುಕೊಂಡು ನಿಂತವನು.

ಇಲಾಖೆಯಲ್ಲಿ ಸಿಬ್ಬಂದಿ ಕೊರತೆ ಇದೆ ಅನ್ನುವುದು ಎಲ್ಲ ಗೃಹ ಸಚಿವರೂ ಒಪ್ಪುವ ಮಾತು. ಕೊರತೆ ಎಲ್ಲಿದೆ ಅನ್ನುವುದು ಮಾತ್ರ ಸೂಕ್ಷ್ಮ. ಬೆಂಗಳೂರಿಗೆ 1963ರಲ್ಲಿ ಕಮಿಷನರೇಟ್ ಬಂದಾಗ ಒಬ್ಬ ಕಮಿಷನರ್ ಊರು ನೋಡಿಕೊಂಡರು. ಈಗ ಕಮಿಷನರ್ ಎಡಿಜಿಪಿ ದರ್ಜೆಯವರು ಅಥವಾ ಅದಕ್ಕೂ ಮೇಲಿನವರು, ಅವರಿಗೆ ಹೆಚ್ಚುವರಿ ಕಮಿಷನರುಗಳು, ಅವರ ಜೊತೆಗೆ ಜಂಟಿ ಕಮಿಷನರುಗಳು, ಕೆಳಗೆ ಡಿಸಿಪಿಗಳು, ಅವರ ಕೆಳಗೆ ಎಸಿಪಿಗಳು. ಮೇಲ್ಮಹಡಿ ಕಟ್ಟುತ್ತಲೇ ಇದ್ದಾರೆ. ರಾತ್ರಿ ಬೀಟ್‌ಗೆ ಹೋಗುವವರು ಮಾತ್ರ ಅದೇ ಇಬ್ಬರು, ಅದೇ ಬೈಕು, ಪೆಟ್ರೋಲ್‌ಗೆ ಅದೇ ಚೀಟಿ.

ಠಾಣೆಗೆ ಬನ್ನಿ. ಬೆಳಿಗ್ಗೆ ಹನ್ನೊಂದು ಗಂಟೆ. ಬಾಗಿಲಲ್ಲಿ ಬಂದೂಕು ಹಿಡಿದ ಸೆಂಟ್ರಿ, ಆ ಬಂದೂಕಿಗೂ ಸೆಂಟ್ರಿಗೂ ಪರಸ್ಪರ ನಂಬಿಕೆಯಿಲ್ಲ. ಗೋಡೆಯ ಮೇಲೆ ಕಪ್ಪು ಹಲಗೆ, ಅದರಲ್ಲಿ ಬಿಳಿ ಬಣ್ಣದಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಪಕ್ಕದಲ್ಲಿ ಜನಸ್ನೇಹಿ ಪೊಲೀಸ್ ಅನ್ನುವ ಬೋರ್ಡು. ಸ್ನೇಹಕ್ಕೆ ಕೂರಲು ಮೂರು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಮುರಿದಿದೆ. ಒಳಗೆ ರೈಟರ್. ಸ್ಟೇಷನ್ನಿನ ನಿಜವಾದ ಒಡೆಯ ಇವರೇ. ಪಿಎಸ್‌ಐ ಬರುತ್ತಾರೆ, ಹೋಗುತ್ತಾರೆ. ಸ್ಟೇಷನ್ ಡೈರಿಯಲ್ಲಿ ಯಾವ ಸಾಲು ಯಾವಾಗ ಹುಟ್ಟಬೇಕು ಅನ್ನುವುದು ಗೊತ್ತಿರುವುದು ರೈಟರ್‌ಗೆ.

ಇನ್‌ಸ್ಪೆಕ್ಟರ್ ಎಲ್ಲಿ? ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ. ಮಂತ್ರಿಗಳ ಶಂಕುಸ್ಥಾಪನೆ, ಕ್ರಿಕೆಟ್ ಮ್ಯಾಚು, ಗಣಪತಿ ವಿಸರ್ಜನೆ, ಸಿನಿಮಾ ತಾರೆಯ ಹುಟ್ಟುಹಬ್ಬ, ಇದೇನೂ ಇಲ್ಲದ ದಿನ ಫ್ರೀಡಂ ಪಾರ್ಕಿನಲ್ಲಿ ಧರಣಿ. (ಹಿಂದೆ ಸೆಂಟ್ರಲ್ ಜೈಲ್ ಆಗಿದ್ದ ಜಾಗದಲ್ಲೇ ಪ್ರತಿಭಟಿಸುವ ಸ್ವಾತಂತ್ರ್ಯ ಕೊಟ್ಟಿರುವ ಊರು ನಮ್ಮದು.) ಸಬ್‌ಇನ್‌ಸ್ಪೆಕ್ಟರ್ ಕೋರ್ಟ್‌ನಲ್ಲಿದ್ದಾರೆ. ಇನ್ನೊಬ್ಬರು ಆರೋಪಿಯನ್ನು ಹುಡುಕಿಕೊಂಡು ಹೊರರಾಜ್ಯಕ್ಕೆ ಹೋಗಿದ್ದಾರೆ, ಆರೋಪಿ ಊರಲ್ಲೇ ಇದ್ದಾನೆ.

ಈ ಹೊತ್ತಿಗೆ ಒಬ್ಬ ಮನುಷ್ಯ ಬರುತ್ತಾನೆ. ಬೈಕಿನಲ್ಲಿ ಬಂದ ಇಬ್ಬರು ಅವನ ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಹೋಗಿದ್ದಾರೆ. ರೈಟರ್ ತಲೆ ಎತ್ತುವುದಿಲ್ಲ.

‘ಎಲ್ಲಿ ಆಗಿದ್ದು?’

‘ಬಸ್‌ಸ್ಟಾಪ್ ಹತ್ರ ಸಾರ್.’

‘ಸ್ಟಾಪ್‌ನಿಂದ ಈ ಕಡೆನೋ, ಮೋರಿಯಿಂದ ಆ ಕಡೆನೋ?’

‘ಮೋರಿ ದಾಟಿ ಸ್ವಲ್ಪ ಮುಂದೆ.’

‘ಹಂಗಾದ್ರೆ ನಮ್ ಲಿಮಿಟ್ಸ್ ಅಲ್ಲ.’

2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಠಾಣೆಗಳು ಈ ಕಲಮನ್ನು ಪಾಲಿಸುತ್ತಿಲ್ಲ ಅನ್ನುವವರು ಅದನ್ನು ಸರಿಯಾಗಿ ಓದಿಲ್ಲ. ಝೀರೋ ಅಂದಮೇಲೆ ಝೀರೋ.

ಮನುಷ್ಯ ಸ್ವಲ್ಪ ತಿಳಿದವನು, ಆ ಕಲಂ ನೆನಪಿಸುತ್ತಾನೆ. ರೈಟರ್ ಈಗ ತಲೆ ಎತ್ತುತ್ತಾರೆ, ಧ್ವನಿ ಮೃದುವಾಗುತ್ತದೆ. ಇದು ಅಪಾಯದ ಸೂಚನೆ.

‘ನೋಡಿ ಅಣ್ಣಾ, ಕಿತ್ಕೊಂಡ್ರು ಅಂತ ಬರೆದ್ರೆ ಕೇಸ್ ಆಗುತ್ತೆ. ಕೇಸ್ ಆದ್ರೆ ಮಹಜರು, ಸಾಕ್ಷಿ, ಕೋರ್ಟು, ಸಮನ್ಸು. ವರ್ಷಾನುಗಟ್ಟಲೆ ನೀವೇ ಓಡಾಡ್ಬೇಕು. ಕಳೆದುಹೋಯ್ತು ಅಂತ ಇ-ಲಾಸ್ಟ್‌ನಲ್ಲಿ ಹಾಕ್ಬಿಡಿ. ಮೊಬೈಲಲ್ಲೇ ಆಗುತ್ತೆ.’

‘ಮೊಬೈಲೇ ಹೋಗಿದೆಯಲ್ಲ ಸಾರ್.’

‘ಮನೇಲಿ ಇನ್ನೊಂದು ಇರಲ್ವಾ?’

ಇ-ಲಾಸ್ಟ್ ಒಳ್ಳೆಯ ಆ್ಯಪ್, ಅದರಲ್ಲಿ ಎರಡು ಮಾತಿಲ್ಲ. ಅಂಕಪಟ್ಟಿ ಕಳೆದವರು, ಆರ್‌ಸಿ ಪುಸ್ತಕ ಕಳೆದವರು ಠಾಣೆ ಸುತ್ತುವುದನ್ನು ಅದು ತಪ್ಪಿಸಿದೆ, ಡಿಜಿಟಲ್ ಸಹಿಯ ಸ್ವೀಕೃತಿ ಕೂತಲ್ಲೇ ಸಿಗುತ್ತದೆ. ಅದರ ದೊಡ್ಡ ಫಲಾನುಭವಿ ಮಾತ್ರ ಬೇರೆ. ರಾಜ್ಯದ ಕಳ್ಳರ ಪೈಕಿ ಎಷ್ಟು ಜನ ಅದರ ದಯೆಯಿಂದ ಕಳ್ಳರ ಪಟ್ಟಿಯಿಂದ ಹೊರಗಿದ್ದಾರೋ, ಅವರಿಗೇ ಗೊತ್ತು. ಕೇಂದ್ರ ಸರಕಾರ ಪಾಪ ಹೊಸ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆಂದೇ 304 ಅಂತ ಪ್ರತ್ಯೇಕ ಕಲಂ ಬರೆದು ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ನಮ್ಮಲ್ಲಿ ಮೊಬೈಲುಗಳು ತಾವಾಗಿಯೇ ಕೈಯಿಂದ ಜಾರಿ ಬೈಕ್ ಹತ್ತಿ ಹೋಗುತ್ತವೆ.

ರೈಟರ್ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ. ಆದರೆ ತಿಂಗಳಿಗೊಮ್ಮೆ ಎಸ್ಪಿ ಕಚೇರಿಯಲ್ಲಿ ನಡೆಯುವ ಕ್ರೈಂ ಮೀಟಿಂಗಿನಲ್ಲಿ ಏನಾಗುತ್ತದೆ ಅಂತ ಯೋಚಿಸಿ. ಪ್ರತಿ ಠಾಣೆಯ ಲೆಕ್ಕ ಪರದೆಯ ಮೇಲೆ ಮೂಡುತ್ತದೆ: ದಾಖಲಾದದ್ದು ಎಷ್ಟು, ಪತ್ತೆಯಾದದ್ದು ಎಷ್ಟು, ಬಾಕಿ ಎಷ್ಟು. ಬಂದ ದೂರನ್ನೆಲ್ಲ ಪ್ರಾಮಾಣಿಕವಾಗಿ ಬರೆದುಕೊಂಡ ಇನ್‌ಸ್ಪೆಕ್ಟರ್ ಎದ್ದು ನಿಂತು ಬೈಸಿಕೊಳ್ಳುತ್ತಾರೆ, ಯಾಕ್ರೀ ನಿಮ್ ಲಿಮಿಟ್ಸ್‌ನಲ್ಲಿ ಮಾತ್ರ ಇಷ್ಟೊಂದು ಕ್ರೈಂ? ಬಾಗಿಲಲ್ಲೇ ವಾಪಸ್ ಕಳಿಸಿದ ಇನ್‌ಸ್ಪೆಕ್ಟರ್ ಬೆನ್ನು ತಟ್ಟಿಸಿಕೊಳ್ಳುತ್ತಾರೆ. ಅಲ್ಲಿಂದ ಲೆಕ್ಕ ವಲಯಕ್ಕೆ, ವಲಯದಿಂದ ನೃಪತುಂಗ ರಸ್ತೆಗೆ, ಅಲ್ಲಿಂದ ವಿಧಾನಸೌಧಕ್ಕೆ ಹೋಗಿ, ಅಪರಾಧ ಇಳಿಮುಖವಾಗಿದೆ ಅನ್ನುವ ಉತ್ತರವಾಗಿ ಸದನದಲ್ಲಿ ಮಂಡನೆಯಾಗುತ್ತದೆ. ಮೊಬೈಲ್ ಕಳೆದುಕೊಂಡವನು ವಾಪಸ್ ಹೋದದ್ದರಿಂದ ರಾಜ್ಯದ ಕಾನೂನು ಸುವ್ಯವಸ್ಥೆ ಒಂದು ಅಂಕಿಯಷ್ಟು ಸುಧಾರಿಸಿತು. ಆ ಸಾಧನೆಯಲ್ಲಿ ತನ್ನ ಪಾಲಿದೆ ಅಂತ ಅವನಿಗೆ ಯಾರೂ ತಿಳಿಸುವುದಿಲ್ಲ.

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದರು. ಐವರು ಹೇಳಿದ್ದನ್ನು ಒಬ್ಬ ರೈಟರ್ ಮಾರ್ಪಡಿಸಬಲ್ಲರು ಅನ್ನುವುದು ನಮ್ಮ ವಿಕೇಂದ್ರೀಕರಣದ ಹಿರಿಮೆ. ಎಫ್‌ಐಆರ್‌ಗೂ ಬರಿಗೈಗೂ ನಡುವೆ ಅವರ ಬಳಿ ಅನೇಕ ತಂಗುದಾಣಗಳಿವೆ. ಮೊದಲನೆಯದು ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಂತ ಬರೆದು ಮುಗಿಸುವುದು. ಅದು ಬೇಡ ಅಂದರೆ ಅರ್ಜಿ ವಿಚಾರಣೆ, ಎದುರು ಪಾರ್ಟಿಯನ್ನು ಕರೆಸಿ, ಇಬ್ಬರಿಗೂ ಟೀ ಕುಡಿಸಿ, ಇಬ್ಬರಿಗೂ ಬೈದು ಕಳಿಸುವುದು. ಇದು ಸಿವಿಲ್ ಮ್ಯಾಟರ್, ಕೋರ್ಟ್‌ನಲ್ಲಿ ಬಗೆಹರಿಸಿಕೊಳ್ಳಿ ಅನ್ನುವ ಹಿಂಬರಹ ಕೊನೆಯದು. ಇದನ್ನೆಲ್ಲ ದಾಟಿ ಹಟ ಹಿಡಿದು ಕೇಸ್ ಮಾಡಿಸಿದರೂ ಆಚೆ ದಡದಲ್ಲಿ ಬಿ ರಿಪೋರ್ಟ್ ಮತ್ತು ಸಿ ರಿಪೋರ್ಟ್ ಕಾಯುತ್ತಿರುತ್ತವೆ. ಅಪರಾಧ ನಡೆದೇ ಇಲ್ಲ ಅಂದರೆ ಬಿ. ನಡೆದಿದೆ, ಮಾಡಿದವರು ಸಿಗಲಿಲ್ಲ ಅಂದರೆ ಸಿ. ಬಲಾಢ್ಯರ ಕೇಸಿಗೆ ಬಿ, ಬಡವರ ಕೇಸಿಗೆ ಸಿ ಅಂತ ಎಲ್ಲೂ ನಿಯಮವಿಲ್ಲ. ಅಭ್ಯಾಸ ಇದೆ, ಅಷ್ಟೆ.

ಹಾಗಂತ ಕರೆದರೆ ಪೊಲೀಸರು ಬರುವುದಿಲ್ಲ ಅನ್ನಲಾಗದು. 112ಕ್ಕೆ ಫೋನ್ ಮಾಡಿ ನೋಡಿ, ಬೆಂಗಳೂರಿನಲ್ಲಿ ಹೊಯ್ಸಳ ಗಾಡಿ ಬರುತ್ತದೆ, ಅನೇಕ ಸಲ ನಾವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ. ರಾತ್ರಿ ಒಂದು ಗಂಟೆಗೆ ಮನೆ ಮುಂದೆ ಗಲಾಟೆ ಮಾಡುವವರು ಆ ಕೆಂಪು-ನೀಲಿ ದೀಪ ಕಂಡರೆ ಸಾಕು ಚದುರುತ್ತಾರೆ. ಗಾಡಿಯಲ್ಲಿದ್ದವರು ಇಳಿದು ಎಲ್ಲ ಕೇಳಿ, ವಾಕಿಟಾಕಿಯಲ್ಲಿ ಏನೋ ಹೇಳಿ, ಬೆಳಿಗ್ಗೆ ಸ್ಟೇಷನ್‌ಗೆ ಬನ್ನಿ ಅಂತಾರೆ. ಬೆಳಿಗ್ಗೆ ಏನಾಗುತ್ತದೆ ಅನ್ನುವುದು ಮೇಲೆ ಬಂದಿದೆ.

ಗಾಡಿಗೆ ಹೊಯ್ಸಳ, ಕಮಾಂಡೊಗಳಿಗೆ ಗರುಡ, ಮಹಿಳಾ ಪಡೆಗಳಿಗೆ ಒಮ್ಮೆ ಓಬವ್ವ, ಇನ್ನೊಮ್ಮೆ ರಾಣಿ ಚೆನ್ನಮ್ಮ. ಸರಕಾರಗಳು ಬದಲಾದಾಗ ಹೆಸರು ಮತ್ತು ಬಣ್ಣ ಬದಲಾಗುತ್ತವೆ, ವಿಧಾನಸೌಧದ ಮುಂದೆ ಹಸಿರು ನಿಶಾನೆ ಬೀಸಲಾಗುತ್ತದೆ. ಇತಿಹಾಸ ಪಠ್ಯದಿಂದ ಯಾರನ್ನು ಕೈಬಿಟ್ಟರೂ ಗಸ್ತು ವಾಹನದ ಬಾಗಿಲಲ್ಲಿ ಅವರಿಗೆ ಜಾಗವಿದೆ. ಓಬವ್ವ ಮಾಡಿದ್ದು ಏನೆಂದು ನೆನಪಿಸಿಕೊಳ್ಳಿ. ಕೋಟೆಯ ಕಿಂಡಿಯಲ್ಲಿ ನುಗ್ಗುತ್ತಿದ್ದವರನ್ನು ಕಂಡಳು, ಕೈಗೆ ಸಿಕ್ಕ ಒನಕೆ ಎತ್ತಿದಳು. ಕಿಂಡಿ ಯಾವ ಠಾಣೆಯ ಲಿಮಿಟ್ಸ್‌ಗೆ ಬರುತ್ತದೆ ಅಂತ ಕೇಳಿದ್ದರೆ ಚಿತ್ರದುರ್ಗದ ಕಥೆ ಅಲ್ಲೇ ಮುಗಿಯುತ್ತಿತ್ತು.

ಸೈಬರ್ ವಿಷಯದಲ್ಲಿ ನಾವು ದೇಶಕ್ಕೇ ಮೊದಲು. 2001ರಲ್ಲಿ ಭಾರತದ ಮೊದಲ ಸೈಬರ್ ಅಪರಾಧ ಠಾಣೆ ತೆರೆದದ್ದು ಬೆಂಗಳೂರಿನಲ್ಲಿ. ಆಗ ಊರಲ್ಲಿ ಇಂಟರ್‌ನೆಟ್ಟೇ ಮನೆಗೊಂದು ಇರಲಿಲ್ಲ, ಕಳ್ಳರು ಬರುವ ಮೊದಲೇ ಠಾಣೆ ಬಂದಿತ್ತು. ಈಗ ಕಳ್ಳರು ಬಂದಿದ್ದಾರೆ, ಬೇರೆಯವರ ಹೆಸರಿನ ಮ್ಯೂಲ್ ಖಾತೆ ಇಟ್ಟುಕೊಂಡು, ಡಿಜಿಟಲ್ ಅರೆಸ್ಟ್ ಅಂತ ಖಾಕಿ ತೊಟ್ಟು ವಿಡಿಯೊ ಕಾಲ್ ಮಾಡುತ್ತಿದ್ದಾರೆ. ನಿವೃತ್ತ ಮೇಷ್ಟ್ರುಗಳು, ವಿದ್ಯಾವಂತ ಗೃಹಿಣಿಯರು ಗಂಟೆಗಟ್ಟಲೆ ಕ್ಯಾಮೆರಾ ಮುಂದೆ ಕೂತು ಉಳಿತಾಯವನ್ನೆಲ್ಲ ಕಳಿಸಿಬಿಡುತ್ತಾರೆ. ವಂಚಕ ಇವರನ್ನು ನಂಬಿಸಿದ್ದು ಹೇಗೆ ಅಂತ ತಜ್ಞರು ಚರ್ಚಿಸುತ್ತಾರೆ. ನನಗನ್ನಿಸುವುದು ಇಷ್ಟೆ: ಪೊಲೀಸ್ ಅಧಿಕಾರಿಯೊಬ್ಬರು ತಾವಾಗಿ ಫೋನ್ ಮಾಡಿ, ಹೆಸರು ಹಿಡಿದು ಕರೆದು, ಕೇಸ್ ನಂಬರ್ ಕೂಡ ಹೇಳಿ, ಗಂಟೆಗಟ್ಟಲೆ ಗಮನ ಕೊಟ್ಟು ಮಾತಾಡಿದರು ಅಂದಾಗಲೇ ಅನುಮಾನ ಬರಬೇಕಿತ್ತು.

ಇಲಾಖೆ ನಾಗರಿಕನಿಗೆ ಏನೂ ಕೊಡುವುದಿಲ್ಲ ಅನ್ನುವ ದೂರಿಗೆ 2023ರ ಫೆಬ್ರುವರಿಯಲ್ಲಿ ಉತ್ತರ ಸಿಕ್ಕಿತು. ಸಂಚಾರ ದಂಡದ ಮೇಲೆ ಅರ್ಧಕ್ಕರ್ಧ ರಿಯಾಯಿತಿ! ಅಲ್ಲಿಯವರೆಗೂ ನೋಟಿಸ್ ಹರಿದು ಎಸೆದಿದ್ದ ಜನ ಸಂಚಾರ ಠಾಣೆಗಳ ಮುಂದೆ ಸೀರೆ ಅಂಗಡಿಯ ಆಷಾಢದ ಸಾಲಿನಂತೆ ನಿಂತರು. ನೂರು ಕೋಟಿಗೂ ಮಿಕ್ಕಿ ವಸೂಲಾಯಿತು. ರುಚಿ ಹತ್ತಿದ ಮೇಲೆ ಬಿಡುವುದುಂಟೆ, 2025ರ ಆಗಸ್ಟಿನಲ್ಲಿ ಮತ್ತೆ ಸೇಲ್. ಸಿಗ್ನಲ್ ಹಾರಿದ ಮರುದಿನವೇ ಪೂರ್ತಿ ದಂಡ ಕಟ್ಟಿದ ಮರ್ಯಾದಸ್ಥನಿಗೆ ಇದರಿಂದ ಒಂದು ಪಾಠ ಸಿಕ್ಕಿತು: ಕಾನೂನು ಪಾಲಿಸುವ ಆತುರ ಒಳ್ಳೆಯದಲ್ಲ.

ಇನ್ನು ವರ್ಗಾವಣೆ. ಅಧಿಕಾರಿಗೆ ಒಂದು ಜಾಗದಲ್ಲಿ ಕನಿಷ್ಠ ಎರಡು ವರ್ಷ ಇರಗೊಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಈ ಪ್ರಕಾಶ್ ಸಿಂಗ್ ಯಾರೆಂದರೆ ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದವರು. ಪೊಲೀಸ್ ವ್ಯವಸ್ಥೆ ಸರಿಪಡಿಸಿ ಅಂತ ಕೇಳಲು ಅಂಥವರೂ ನಿವೃತ್ತರಾದ ಮೇಲೆ 1996ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ಹತ್ತು ವರ್ಷ ಕಾಯಬೇಕಾಯಿತು. ಮಾಜಿ ಡಿಜಿಪಿಯ ದೂರಿಗೇ ಈ ಗತಿಯಾದರೆ ಮೊಬೈಲ್ ಕಳೆದುಕೊಂಡವನು ಯಾವ ಲೆಕ್ಕ. ನಮ್ಮಲ್ಲಿ ಠಾಣಾ ಮಟ್ಟದ ಅಧಿಕಾರಿಗಳಿಗೆ ಒಂದು ವರ್ಷ ಸಾಕು ಅಂತ ಇಟ್ಟುಕೊಂಡು, ಕೊನೆಗೆ 2024ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಎರಡು ವರ್ಷ ಮಾಡಿದರು. ಕಾಯ್ದೆ ಎರಡು ವರ್ಷ ಅಂತದೆ, ಶಾಸಕರ ಲೆಟರ್‌ಹೆಡ್ ಬೇರೆ ಅಂತದೆ. ಸಂಜೆ ಆದೇಶ, ರಾತ್ರಿ ತಡೆ, ಬೆಳಿಗ್ಗೆ ಪರಿಷ್ಕೃತ ಆದೇಶ. ಒಬ್ಬರು ಆಡಳಿತ ನ್ಯಾಯಮಂಡಳಿ ಕೆಎಟಿಯಿಂದ ಸ್ಟೇ ತಂದು ಕುರ್ಚಿಯಲ್ಲಿ ಕೂತಿದ್ದರೆ, ಇನ್ನೊಬ್ಬರು ಆದೇಶದ ಪ್ರತಿ ಹಿಡಿದು ಎದುರು ಕುರ್ಚಿಯಲ್ಲಿ. ಲೆಟರ್ ಇಲ್ಲದವರು ಸ್ಥಳ ನಿರೀಕ್ಷಣೆಯಲ್ಲಿ. ಸಂಬಳ ಬರುತ್ತದೆ, ಕೆಲಸವಿಲ್ಲ, ಇಡೀ ಇಲಾಖೆಯಲ್ಲಿ ಸಮಯಕ್ಕೆ ಸರಿಯಾಗಿ ಊಟ ಮಾಡುವವರು ಇವರೊಬ್ಬರೇ.

ಆಯಕಟ್ಟಿನ ಜಾಗದ ಕಥೆ ಹೀಗಾದರೆ ಒಳಗೆ ಬರುವ ಬಾಗಿಲಿನ ಕಥೆ ಇನ್ನೂ ಚೆಂದ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಬ್ಲೂಟೂತ್ ಮತ್ತು ಒಎಂಆರ್ ಹಾಳೆಗಳ ಕರಾಮತ್ತು ಹೊರಬಿದ್ದು, 2022ರ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ, ಅದನ್ನು ಪೊಲೀಸರ ಕೈಗೆ ಕೊಡದೆ ಪರೀಕ್ಷಾ ಪ್ರಾಧಿಕಾರಕ್ಕೆ ಕೊಟ್ಟರು. ಪೊಲೀಸರನ್ನು ಆರಿಸುವ ಕೆಲಸಕ್ಕೆ ಪೊಲೀಸರನ್ನು ನಂಬಬಾರದು ಅಂತ ಸರಕಾರವೇ ತೀರ್ಮಾನಿಸಿದ ಮೇಲೆ, ಠಾಣೆಗೆ ಹೋಗಲು ಹೆದರುವ ನಮ್ಮ ಪಕ್ಕದ ಮನೆ ಅಜ್ಜಿಯನ್ನು ಹಳೇ ಕಾಲದವಳು ಅನ್ನುವುದು ಹೇಗೆ?

ಈ ಗದ್ದಲದಲ್ಲಿ ಕಾನ್‌ಸ್ಟೇಬಲ್ ಒಬ್ಬನೇ ನನಗೆ ಮನುಷ್ಯನಂತೆ ಕಾಣುತ್ತಾನೆ. ವಿಸರ್ಜನೆಯ ರಾತ್ರಿ ನೋಡಿ, ಮೆರವಣಿಗೆ ಮುಗಿದು ಡೊಳ್ಳಿನವರೂ ಮನೆಗೆ ಹೋದ ಮೇಲೆ, ಬ್ಯಾರಿಕೇಡಿಗೆ ಒರಗಿ, ಶೂ ಲೇಸ್ ಸಡಿಲಿಸಿ, ಪ್ಲಾಸ್ಟಿಕ್ ಪೊಟ್ಟಣದ ಚಿತ್ರಾನ್ನವನ್ನು ಬೆರಳಿಂದಲೇ ತಿನ್ನುತ್ತಿರುತ್ತಾನೆ. ಪಕ್ಕದಲ್ಲಿ ಮಹಿಳಾ ಸಿಬ್ಬಂದಿ. ಮಧ್ಯಾಹ್ನದಿಂದ ನೀರು ಕುಡಿದಿಲ್ಲ, ಕುಡಿದರೆ ಹೋಗಲು ಜಾಗವಿಲ್ಲ. 2016ರ ಜೂನ್‌ನಲ್ಲಿ ಇವರು ಸಂಬಳ ಸಾಲದು, ರಜೆ ಇಲ್ಲ ಅಂತ ಸಾಮೂಹಿಕ ರಜೆಯ ಮಾತೆತ್ತಿದರು. ಚಳವಳಿಗೆ ಕರೆ ಕೊಟ್ಟ ಮುಖಂಡನನ್ನು ಹಿಡಿದು ರಾಜದ್ರೋಹದ ಕೇಸು ಹಾಕಿದರು. ಅಂದು ಎಫ್‌ಐಆರ್‌ಗೆ ಲಿಮಿಟ್ಸ್ ಅಡ್ಡ ಬರಲಿಲ್ಲ, ರೈಟರ್ ಬೇರೆ ದಾರಿ ಸೂಚಿಸಲಿಲ್ಲ. ಪೊಲೀಸರ ಸ್ಥಿತಿಗತಿ ನೋಡಲು ನೇಮಿಸಿದ್ದ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, ಅದರಲ್ಲಿದ್ದ ಸಂಬಳದ ಭಾಗ ಒಂದಿಷ್ಟು ಜಾರಿಯಾಗಲು 2019 ಬರಬೇಕಾಯಿತು.

2017ರಲ್ಲಿ ಆರ್ಡರ್ಲಿ ಪದ್ಧತಿ ರದ್ದಾಯಿತು. ಸಾಹೇಬರ ಬಂಗಲೆಯಲ್ಲಿ ಇನ್ನು ಮುಂದೆ ಕಾನ್‌ಸ್ಟೇಬಲ್ ತರಕಾರಿ ತರುವಂತಿಲ್ಲ, ನಾಯಿ ತಿರುಗಿಸುವಂತಿಲ್ಲ ಅಂತ ಆದೇಶ. ನಾಯಿಗಳಿಗೆ ಆದೇಶ ಓದಲು ಬರದ ಕಾರಣ ಕೆಲವು ಕಡೆ ಜಾರಿ ತಡವಾಗಿರಬಹುದು. ಆಮೇಲೆ 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳೇ ನಿಂತು ದೊಡ್ಡ ಸುಧಾರಣೆಯೊಂದನ್ನು ಮಾಡಿದರು. ಒಂದು ಕಡೆ ಮಡಚಿದ ಆ ಹಳೇ ಸ್ಲೋಚ್ ಹ್ಯಾಟ್ ತೆಗೆದು ಕಾನ್‌ಸ್ಟೇಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಟ್ಟರು. ಹಳೆಯದು ಭಾರ, ಗಾಳಿಗೆ ಹಾರುತ್ತಿತ್ತು, ಹೊಸದು ಹಗುರ. ಸಿಬ್ಬಂದಿಗೆ ನಿಜಕ್ಕೂ ಖುಷಿಯಾಗಿದೆ. ರಜೆ ಕೇಳಿದ ತಲೆಗೆ ಟೋಪಿ ಹಾಕಿದ್ದಾರೆ ಅಂತ ಕೆಲವರು ಕುಹಕವಾಡಿದರು. ನಾನು ಅವರ ಜೊತೆ ಸೇರುವುದಿಲ್ಲ.

ಜನ ಠಾಣೆಗೆ ಬರಲು ಹೆದರುತ್ತಾರಾದರೆ ನಾವೇ ಅವರ ಮನೆಗೆ ಹೋಗೋಣ ಅಂತ 2025ರ ಜುಲೈನಲ್ಲಿ ಮನೆ ಮನೆಗೆ ಪೊಲೀಸ್ ಶುರುವಾಯಿತು. ಕಲ್ಪನೆ ಒಳ್ಳೆಯದೇ. ಒಂದೊಂದು ಬೀಟಿನಲ್ಲಿ ಒಂದಿಷ್ಟು ಮನೆ, ಪೊಲೀಸರು ಬಾಗಿಲಿಗೆ ಬಂದು ಕಷ್ಟ ಸುಖ ವಿಚಾರಿಸುತ್ತಾರೆ. ನಮ್ಮ ಕಡೆಯ ಬೀದಿಯಲ್ಲಿ ಖಾಕಿ ಮನೆ ಮೆಟ್ಟಿಲು ಹತ್ತಿದರೆ ಎದುರು ಮನೆಯ ಕಿಟಕಿ ತೆರೆಯುತ್ತದೆ, ಸಂಜೆ ಹಾಲಿನ ಬೂತ್ ಹತ್ತಿರ, ಏನಂತೆ ಅವರ ಮಗನ ವಿಷಯ, ಅನ್ನುವ ಮಾತು ಹುಟ್ಟುತ್ತದೆ. ಅದು ಇಲಾಖೆಯ ತಪ್ಪಲ್ಲ.

ಒಬ್ಬ ಹುಡುಗ ಕಾನ್‌ಸ್ಟೇಬಲ್, ಹೊಸ ನೀಲಿ ಟೋಪಿ, ಒಂದು ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮ ನೀರು ಕೊಟ್ಟಿದ್ದಾಳೆ. ಹೆಸರು, ಎಷ್ಟು ಜನ, ಬಾಡಿಗೆಯೋ ಸ್ವಂತವೋ, ಸಿಸಿಟಿವಿ ಇದೆಯೋ, ಎಲ್ಲ ಬರೆದುಕೊಂಡ. ಏನಾದ್ರೂ ತೊಂದರೆ ಇದ್ಯಾ ಅಮ್ಮ ಅಂತ ನಿಜವಾದ ಕಾಳಜಿಯಿಂದಲೇ ಕೇಳಿದ. ಅವಳು ಕಾದಿದ್ದವಳಂತೆ ಹೇಳತೊಡಗಿದಳು: ಹಿಂದಿನ ಖಾಲಿ ಸೈಟಿನಲ್ಲಿ ರಾತ್ರಿ ಕುಡಿದು ಬಾಟಲಿ ಒಡೆಯುವವರು, ಮಗಳು ಟ್ಯೂಷನ್ನಿಂದ ಬರುವಾಗ ಬೈಕಿನಲ್ಲಿ ಹಿಂಬಾಲಿಸುವವನು, ಎರಡು ಸಲ ಠಾಣೆಗೆ ಹೋಗಿ ಹೇಳಿ ಬಂದದ್ದು. ಅವನು ಅರ್ಧ ಕೇಳಿಸಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಹ್ಞಾಂ ಸಾರ್, ಹ್ಞಾಂ ಸಾರ್, ಇದು ಹದಿನಾಲ್ಕನೇ ಮನೆ ಸಾರ್, ಈಗಲೇ ಕಳಿಸ್ತೀನಿ ಸಾರ್. ಫೋನ್ ಇಟ್ಟು ಅದೇ ಮೊಬೈಲಿನ ಕ್ಯಾಮೆರಾ ತೆರೆದ.

‘ಅಮ್ಮ, ಸ್ವಲ್ಪ ಈ ಕಡೆ ಬೆಳಕಿಗೆ ನಿಂತ್ಕೊಳ್ಳಿ. ಹಂಗೇ ಒಂಚೂರು ನಗ್ರಿ. ಫೋಟೋ ಗ್ರೂಪಿಗೆ ಹಾಕ್ಬೇಕು, ಸಾಹೇಬ್ರು ಕಾಯ್ತಾವ್ರೆ.’